ತೊಗಟೆ ಕೆರೆಯುವ ಕೈಗಳೇ, ಸ್ವಲ್ಪ ನಿಲ್ಲಿ

ಮಳೆ ಹಿಂದೆಗೆದು, ಅಡಿಕೆಯ ಕೊನೆಕೊಯ್ಲು ಇನ್ನೂ ಆರಂಭವಾಗದ ಬಿಡುವಿನ ದಿನಗಳಲ್ಲಿ ಮಲೆನಾಡಿನ ಅನೇಕ ಮನೆಗಳ ಹಿತ್ತಲಿನಲ್ಲಿ ಒಂದು ಕೆಲಸ ನಡೆಯುತ್ತದೆ. ತಂತಿಯ ಬ್ರಷ್ಷು, ಮೊಂಡು ಕತ್ತಿ, ಗೋಣಿಯ ತುಂಡುಗಳನ್ನು ಹಿಡಿದ ಇಬ್ಬರು ಹಲಸು, ಮಾವು, ಚಕ್ಕೋತ, ಕಿತ್ತಳೆ ಮರಗಳ ಕಾಂಡವನ್ನು ಕೆರೆದು ‘ಸ್ವಚ್ಛ’ ಮಾಡುತ್ತಾರೆ. ಕೆರೆದಾದ ಮೇಲೆ ಸುಣ್ಣ, ಇಲ್ಲವೇ ಮೈಲುತುತ್ತ ಮತ್ತು ಸುಣ್ಣ ಕಲಸಿದ ಮುಲಾಮು. ಸಂಜೆಯ ವೇಳೆಗೆ ಮರವು ಮಂಡೆ ಬೋಳಿಸಿಕೊಂಡವರಂತೆ ನಿಂತಿರುತ್ತದೆ. ಬುಡದಲ್ಲಿ ಬೂದು, ತಿಳಿಹಸಿರು, ಅರಿಸಿನ ಬಣ್ಣದ ಹೊಟ್ಟು ಬಿದ್ದಿರುತ್ತದೆ. ಅದನ್ನು ದರಕಿನ ಜೊತೆ ಗುಡಿಸಿ ಬೆಂಕಿ ಹಚ್ಚುತ್ತಾರೆ.

ಈ ಲೇಖನ ಆ ಹೊಟ್ಟಿನ ಪರವಾಗಿ ಹೂಡಿದ ವಾದ.

ವಾದ ಹೂಡುತ್ತಿರುವವನೂ ಒಂದು ಕಾಲದಲ್ಲಿ ಕೆರೆದವನೇ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಅಪ್ಪ ನೆಟ್ಟ ಕಿತ್ತಳೆ ಮರಗಳು ಒಂದೊಂದಾಗಿ ಒಣಗತೊಡಗಿದಾಗ ಸಲಹೆ ಕೇಳಲು ಹೋದೆ. ಹೋದಲ್ಲಿ ಒಂದು ಕರಪತ್ರ ಕೈಗಿತ್ತರು. ಕಾಂಡದ ಮೇಲಿನ ಪಾಚಿ, ಬೂಸುಗಳನ್ನು ಕೆರೆದು ತೆಗೆಯಬೇಕೆಂಬ ಸಾಲೊಂದು ಅದರಲ್ಲಿತ್ತು. ಮೂರು ದಿನ ಕೆರೆದೆ. ಮರಗಳು ಉಳಿಯಲಿಲ್ಲ. ಅವಕ್ಕೆ ತಗುಲಿದ್ದು ಗ್ರೀನಿಂಗ್ ಎಂಬ ರೋಗ, ಅದನ್ನು ಹರಡುವುದು ಚಿಗುರಿನ ರಸ ಹೀರುವ ಒಂದು ಪುಟ್ಟ ಕೀಟ, ತೊಗಟೆಯ ಮೇಲಿನ ಬೂದು ಎಸಳುಗಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ತಿಳಿಯುವಷ್ಟರಲ್ಲಿ ಸೌದೆ ಒಲೆಗೆ ಹೋಗಿತ್ತು. ತಪ್ಪು ಅಪರಾಧಿಯನ್ನು ಹಿಡಿದು ಶಿಕ್ಷಿಸಿದ ಆ ಮೂರು ದಿನಗಳ ಸಂಕೋಚ ಈಗಲೂ ಇದೆ.

ಹಾಗಾದರೆ ಅದೇನು? ಅದು ಪಾಚಿಯೂ ಅಲ್ಲ, ಹಾವಸೆಯೂ ಅಲ್ಲ. ನಮ್ಮ ಅಡುಗೆಮನೆಗಳಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಮಸಾಲೆ ಡಬ್ಬಿಯಲ್ಲಿ ಚಕ್ಕೆ ಲವಂಗಗಳ ಪಕ್ಕದಲ್ಲಿ ಒಣಗಿದ ಬೂದು ಎಸಳುಗಳಾಗಿ ಕುಳಿತಿರುವ ಕಲ್ಲುಹೂವು ಇದೇ ಬಳಗದ್ದು. ಪಠ್ಯಪುಸ್ತಕ ಶಿಲಾವಲ್ಕ ಎನ್ನುತ್ತದೆ, ಆಯುರ್ವೇದ ಶೈಲೇಯ ಎನ್ನುತ್ತದೆ, ಮರಾಠಿಗರು ದಗಡಫೂಲ್ ಎನ್ನುತ್ತಾರೆ. ಎಲ್ಲರೂ ಕಲ್ಲಿನ ಹೆಸರನ್ನೇ ಹಿಡಿದಿರುವುದು ವಿಚಿತ್ರ. ಮಸಾಲೆಗೆ ಬರುವುದು ಬಹುಪಾಲು ಮರದ ಮೇಲಿನದು. ಪ್ರಯೋಗಶಾಲೆಯಲ್ಲಿ ಆಮ್ಲವನ್ನು ಗುರುತಿಸಲು ವಿದ್ಯಾರ್ಥಿಗಳು ಬಳಸುವ ಲಿಟ್ಮಸ್ ಬಣ್ಣವೂ ಮೂಲತಃ ಕಲ್ಲುಹೂವಿನಿಂದಲೇ ತೆಗೆದದ್ದು.

ಒಂದು ಕಲ್ಲುಹೂವೆಂದರೆ ಒಂದು ಜೀವಿಯಲ್ಲ, ಒಂದು ಸಂಸಾರ. ಶಿಲೀಂಧ್ರವು ಮನೆ ಕಟ್ಟಿ ನೀರು ಹಿಡಿಯುತ್ತದೆ. ಒಳಗೆ ಸೇರಿದ ಪಾಚಿಯೋ ನೀಲಹಸಿರು ಬ್ಯಾಕ್ಟೀರಿಯವೋ ಬಿಸಿಲಿನಿಂದ ಅನ್ನ ಮಾಡುತ್ತದೆ. 1860ರ ದಶಕದಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ ಇದನ್ನು ಹೇಳಿದಾಗ ಅಂದಿನ ಅನೇಕ ಪಂಡಿತರು ಒಪ್ಪಲಿಲ್ಲ. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹಲವು ಕಲ್ಲುಹೂವುಗಳ ಹೊರಪದರದಲ್ಲಿ ಮತ್ತೊಂದು ಬಗೆಯ ಶಿಲೀಂಧ್ರ, ಒಂದು ಯೀಸ್ಟ್, ನೆಲೆಸಿರುವುದನ್ನು ತೋರಿಸಿದರು. ಸಂಸಾರ ಅವಿಭಕ್ತ ಕುಟುಂಬವಾಯಿತು. ಭಾರತದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜಾತಿಯ ಕಲ್ಲುಹೂವುಗಳಿವೆ. ಅವುಗಳಿಗೆ ಹೆಸರು, ವಿವರಣೆ, ಗುರುತಿನ ಕೀಲಿಗಳನ್ನು ಒದಗಿಸಲು ಲಖನೌದ ಧರಣೀಧರ ಅವಸ್ಥಿಯವರು ತಮ್ಮ ಜೀವಮಾನವನ್ನೇ ಸವೆಸಿದರು. ಪಶ್ಚಿಮಘಟ್ಟವು ಈ ಸಂಪತ್ತಿನ ದೊಡ್ಡ ಕಣಜಗಳಲ್ಲೊಂದು.

ಈಗ ಮೊದಲ ಆರೋಪಕ್ಕೆ ಬರೋಣ. ‘ಇವು ಮರದ ರಸ ಹೀರುತ್ತವೆ’ ಎನ್ನುತ್ತಾರೆ. ಇದು ಸುಳ್ಳು. ಮರದ ರಸ ಹೀರುವುದು ಬದನಿಕೆ. ಅದು ಬೇರಿನಂಥ ಹೀರುಗೊಳವೆಯನ್ನು ಕೊಂಬೆಯೊಳಕ್ಕೆ ಇಳಿಸುತ್ತದೆ. ಅದನ್ನು ಕಡಿಯಬೇಕು, ಸಂಶಯವಿಲ್ಲ. ಕಲ್ಲುಹೂವಿಗೆ ಬೇರೇ ಇಲ್ಲ. ಸತ್ತ ಹೊರತೊಗಟೆಯನ್ನು ಹಿಡಿದುಕೊಳ್ಳುವ ಸಣ್ಣ ಎಳೆಗಳಷ್ಟೇ ಇರುವುದು. ಮಳೆ, ಮಂಜು, ಗಾಳಿಯ ಧೂಳು ಇಷ್ಟೇ ಅದರ ಊಟ. ನೀಲಹಸಿರು ಬ್ಯಾಕ್ಟೀರಿಯ ಇರುವ ಲೆಪ್ಟೋಜಿಯಂ, ಸ್ಟಿಕ್ಟಾ ಮುಂತಾದ ಜಾತಿಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು, ಉದುರಿ ಕೊಳೆತಾಗ ಮಣ್ಣಿಗೆ ಕೊಡುತ್ತವೆ. ಪೇಟೆಯಿಂದ ಗೊಬ್ಬರ ಹೊತ್ತು ತರುವವರು ಇಷ್ಟಾದರೂ ಯೋಚಿಸಬೇಡವೇ?

‘ಆದರೆ ಸಾಯುವ ಮರದ ಮೇಲೆಯೇ ಅದು ಹೆಚ್ಚಿರುತ್ತದಲ್ಲ?’ ಎಂದು ನಮ್ಮ ಹಿರಿಯರು ಕೇಳುತ್ತಾರೆ. ಅವರು ಕಂಡದ್ದು ನಿಜ, ಕಟ್ಟಿದ ತೀರ್ಮಾನ ತಪ್ಪು. ಮರ ಸೊರಗಿದಾಗ ಎಲೆ ಉದುರಿ ಚಪ್ಪರ ತೆಳುವಾಗುತ್ತದೆ, ಕೊಂಬೆಗಳಿಗೆ ಬೆಳಕು ಸಿಗುತ್ತದೆ, ತೊಗಟೆಯ ಬೆಳವಣಿಗೆಯೂ ನಿಧಾನಿಸುತ್ತದೆ. ಬೆಳಕು ಬೇಕಾದ ಕಲ್ಲುಹೂವುಗಳಿಗೆ ಅನುಕೂಲವಾಗುತ್ತದೆ. ಸಾವಿನ ಮನೆಗೆ ಬಂದವರನ್ನೆಲ್ಲ ಕೊಲೆಗಾರರೆಂದು ಹಿಡಿದುಕೊಡುವ ನ್ಯಾಯ ಇದು. ಬೇರು ಕೊಳೆತಿದೆಯೇ, ಕಾಂಡಕೊರಕ ಹುಳು ಇದೆಯೇ, ಬುಡದಲ್ಲಿ ನೀರು ನಿಂತಿದೆಯೇ ಎಂದು ನೋಡುವ ಬದಲು ಕಣ್ಣಿಗೆ ಎದುರಾಗಿ ಕಂಡದ್ದನ್ನು ಕೆರೆದು ಮುಗಿಸುತ್ತೇವೆ.

ವೈರಿಯಲ್ಲದ ಈ ಜೀವಕ್ಕೆ ವೈರಿಗಳು ಮಾತ್ರ ಬೇಕಾದಷ್ಟಿದ್ದಾರೆ. ಎಲೆಗಳಿಗಿರುವಂಥ ಮೇಣದ ಹೊದಿಕೆ ಕಲ್ಲುಹೂವಿಗಿಲ್ಲ. ಗಾಳಿಯಲ್ಲಿ, ನೀರಿನಲ್ಲಿ ಏನು ಬಂದರೂ ಇಡೀ ಮೈಯಿಂದ ಹೀರಿಕೊಳ್ಳುತ್ತದೆ. 1866ರಲ್ಲಿಯೇ ವಿಲಿಯಂ ನಿಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳನ್ನು ನೋಡಿ, ಕಲ್ಲುಹೂವುಗಳು ಗಾಳಿಯ ಶುದ್ಧತೆಯ ಅಳತೆಗೋಲು ಎಂದು ಬರೆದಿದ್ದ. ಕಲ್ಲಿದ್ದಲ ಹೊಗೆಯ ಗಂಧಕವು ಯುರೋಪಿನ ನಗರಗಳ ಮರಗಳನ್ನು ಬೋಳಾಗಿಸಿತು. ನಮ್ಮ ಗುಡ್ಡಗಳಲ್ಲಿ ಅಂಥ ಹೊಗೆ ಇಲ್ಲ. ಆದರೆ ಮೈಲುತುತ್ತ ಇದೆ.

ಇಲ್ಲಿ ಮಾತನ್ನು ತೂಗಿ ಆಡಬೇಕು, ಏಕೆಂದರೆ ಓದುತ್ತಿರುವವರಲ್ಲಿ ಹೆಚ್ಚಿನವರು ಅಡಿಕೆಯನ್ನೇ ನಂಬಿದವರು. ಫ್ರಾನ್ಸಿನ ದ್ರಾಕ್ಷಿತೋಟಗಳ ರೋಗಕ್ಕೆ ಮಿಲಾರ್ದೆ 1885ರಲ್ಲಿ ಪ್ರಕಟಿಸಿದ ಬೋರ್ಡೋ ದ್ರಾವಣವನ್ನು 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ಅದಕ್ಕೂ ಮೊದಲು ನಮ್ಮ ಕೊನೆಗಾರರು ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ನೂರು ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ: ಈ ಲೆಕ್ಕ ಮಲೆನಾಡಿನ ಎಷ್ಟೋ ಸಂಸಾರಗಳ ಸಾಲ ತೀರಿಸಿದೆ, ಮಕ್ಕಳನ್ನು ಓದಿಸಿದೆ. ಅದನ್ನು ಬಿಟ್ಟುಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಹಾಗೆ ಹೇಳುವುದು ನ್ಯಾಯವೂ ಅಲ್ಲ. ಕೊಳೆರೋಗ ಬಂದ ವರ್ಷ ಮನೆಯಲ್ಲಿ ಕವಿಯುವ ಮೌನವನ್ನು ನಾನೂ ಕಂಡಿದ್ದೇನೆ.

ಆದರೆ ತಾಮ್ರವು ಶಿಲೀಂಧ್ರವನ್ನು ಕೊಲ್ಲಲೆಂದೇ ಇರುವ ವಿಷ, ಮತ್ತು ಕಲ್ಲುಹೂವಿನ ಮೈಯ ಬಹುಪಾಲು ಶಿಲೀಂಧ್ರವೇ. ಗೊನೆಗೆ ಬೀಳಬೇಕಾದ ದ್ರಾವಣ ಮೋಟಾರು ಪಂಪಿನ ಒತ್ತಡದಲ್ಲಿ ತೋಟದಂಚಿನ ಮಾವಿಗೂ ಮುರುಗಲಿಗೂ ನೇರಳೆಗೂ ಯಾಕೆ ಬೀಳಬೇಕು? ಡ್ರಮ್ಮಿನಲ್ಲಿ ಉಳಿಯಿತೆಂದು ಹಿತ್ತಲಿನ ಹಲಸಿನ ಕಾಂಡಕ್ಕೆ ಯಾಕೆ ಎರಚಬೇಕು? ಕೊಳೆರೋಗ ಅಡಿಕೆಯದು, ಹಲಸು ಆ ಔಷಧವನ್ನು ಯಾರ ಬಳಿಯೂ ಬೇಡಿಲ್ಲ. ನಮ್ಮ ಜಗಳ ಇರುವುದು ಈ ಉಳಿಕೆಯ ಔದಾರ್ಯದ ಜೊತೆಗೆ.

ತೊಗಟೆ ಕೆರೆಯುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದು ‘ಮುದಿ’ ಎಂಬ ಶಬ್ದ. 2005-06ರಲ್ಲಿ ಆರಂಭವಾದ ರಾಷ್ಟ್ರೀಯ ತೋಟಗಾರಿಕಾ ಮಿಷನ್ ತನ್ನ ಕಾರ್ಯಕ್ರಮಗಳಲ್ಲಿ ಮುದಿ ತೋಟಗಳ ಪುನಶ್ಚೇತನವನ್ನೂ ಸೇರಿಸಿಕೊಂಡಿತು. ಇಳುವರಿ ಕುಸಿದ ಮರದ ಕೊಂಬೆಗಳನ್ನು ಬೋಳಿಸಿ ಕಸಿ ಕಟ್ಟುವುದು, ಇಲ್ಲವೇ ಕಿತ್ತು ಹೊಸ ಸಸಿ ನೆಡುವುದು ಇದರ ತಿರುಳು. ರೈತನ ಆದಾಯದ ದೃಷ್ಟಿಯಿಂದ ಇದು ತಪ್ಪೆಂದು ಹೇಳಲಾರೆ. ಆದರೆ ಒಂದು ಮರ ಕಾಯಿ ಕೊಡುವುದನ್ನು ಕಡಿಮೆ ಮಾಡುವ ವಯಸ್ಸಿನಲ್ಲಿಯೇ ಉಳಿದ ಜೀವಗಳಿಗೆ ಅದು ಮನೆಯಾಗತೊಡಗುತ್ತದೆ. ಎಳೆಯ ಕೊಂಬೆಯ ನುಣುಪು ತೊಗಟೆಗೆ ಒಂದು ಬಗೆಯ ಕಲ್ಲುಹೂವು, ಬಿರುಕುಬಿಟ್ಟ ದಪ್ಪ ತೊಗಟೆಗೆ ಇನ್ನೊಂದು, ಮಳೆನೀರು ಹರಿದಿಳಿಯುವ ಕವಲಿನ ಸಂದಿಗೆ ಮತ್ತೊಂದು. ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವ ಜಾತಿಗಳೇ ಹೆಚ್ಚು. ಕಾಂಡಕ್ಕೆ ಹಕ್ಕಳೆಯಂತೆ ಅಂಟಿಕೊಂಡವು ಅಷ್ಟೂ ಬೆಳೆಯುವುದಿಲ್ಲ. ಅಜ್ಜ ನೆಟ್ಟ ಮರವನ್ನು ಮೊಮ್ಮಗ ಕಡಿದರೆ ಕಲ್ಲುಹೂವಿನ ಲೆಕ್ಕದಲ್ಲಿ ಅದು ಎಳವೆಯಲ್ಲೇ ಆದ ಸಾವು.

ಕಾಡು ಇದೆಯಲ್ಲ, ಹಿತ್ತಲೇ ಯಾಕೆ ಎಂದು ಕೇಳಬಹುದು. ಯಾವ ಕಾಡು? ನಮ್ಮ ಸೀಮೆಯ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತಿರುವ ಅಕೇಶಿಯಾವೇ? ಅದು ದಪ್ಪಗಾಗುವ ಮುಂಚೆಯೇ ಲಾರಿ ಹತ್ತುತ್ತದೆ. ಊರಿನ ಸುತ್ತ ಇನ್ನೂರು ವರ್ಷದ ತೊಗಟೆ ಎಲ್ಲಿದೆ ಎಂದು ಹುಡುಕಿ ನೋಡಿ. ದೇವರಕಾಡಿನಲ್ಲಿ ಒಂದಿಷ್ಟು, ಹೊಳೆಯಂಚಿನ ಅಪ್ಪೆಮಿಡಿ ಮರಗಳಲ್ಲಿ ಒಂದಿಷ್ಟು, ಉಳಿದದ್ದು ಮನೆಗಳ ಹಿಂದಿನ ಹಲಸು ಮಾವುಗಳಲ್ಲಿ. ಅಪ್ಪೆಮಿಡಿಯ ಗತಿಯಂತೂ ಗೊತ್ತೇ ಇದೆ: ಉಪ್ಪಿನಕಾಯಿಯ ದರ ಏರಿದ ಹಾಗೆಲ್ಲ ಮಿಡಿಯ ಜೊತೆ ಕೊಂಬೆಯನ್ನೇ ಕಡಿದು ಇಳಿಸುವವರು ಬರುತ್ತಾರೆ. ಹಳೆಯ ಹಲಸಿನ ಮುಂದೆ ನಾಟಾ ವ್ಯಾಪಾರಿಯ ಅಳತೆಪಟ್ಟಿ ಯಾವಾಗಲೂ ಸಿದ್ಧ.

ಹಣ್ಣಿನ ತೋಟವೂ ಕಾಡಿನಷ್ಟೇ ಕಾಪಾಡತಕ್ಕದ್ದು ಎಂಬ ಮಾತನ್ನು ಒಂದು ದೇಶ ತಡವಾಗಿ ಕಲಿತ ಕಥೆ ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹುಲ್ಲುಗಾವಲಿನ ನಡುವೆ ಸೇಬು, ಪೇರು, ಪ್ಲಮ್ ಮರಗಳನ್ನು ದೂರದೂರ ನೆಟ್ಟು, ಕೆಳಗೆ ಕುರಿ ಮೇಯಿಸುವ ತೋಟಗಳಿದ್ದವು. ಆಮೇಲೆ ಕುಳ್ಳ ತಳಿಗಳ ಒತ್ತೊತ್ತಾದ ಸಾಲುತೋಟ ಬಂತು. ಚಳಿಗಾಲದಲ್ಲಿ ಕಾಂಡವನ್ನು ಟಾರೆಣ್ಣೆಯ ದ್ರಾವಣದಿಂದ ತೊಳೆದು ‘ಸ್ವಚ್ಛ’ ಮಾಡುವ ಪದ್ಧತಿಯೂ ಬಂತು. 1900ರ ನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ಗಳು ತಮ್ಮ ಸಾಂಪ್ರದಾಯಿಕ ಹಣ್ಣಿನ ತೋಟಗಳಲ್ಲಿ ನೂರಕ್ಕೆ 81 ಪಾಲನ್ನು ಕಳೆದುಕೊಂಡಿವೆಯೆಂದು ಅಲ್ಲಿನ ನ್ಯಾಷನಲ್ ಟ್ರಸ್ಟ್ 2022ರಲ್ಲಿ ಲೆಕ್ಕ ಕೊಟ್ಟಿತು. 2007ರಲ್ಲಿ ಬ್ರಿಟನ್ನು ಉಳಿದ ತೋಟಗಳನ್ನು ಆದ್ಯತೆಯ ಜೀವನೆಲೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಹಿಯರ್‌ಫರ್ಡ್‌ಶೈರ್‌ನ ಹಳೆಯ ತೋಟವೊಂದರಲ್ಲಿ, ಆ ನಾಡಿನಿಂದ ಅಳಿದೇಹೋಯಿತೆಂದು ಭಾವಿಸಿದ್ದ ಹೊಂಗಣ್ಣಿನ ಕಲ್ಲುಹೂವು ಕಾಣಿಸಿಕೊಂಡಿತು. ರೆಪ್ಪೆಗೂದಲಿನ ಅಂಚಿರುವ ಕಿತ್ತಳೆ ಬಣ್ಣದ ಬಟ್ಟಲುಗಳು ಅದರ ಗುರುತು. ಯಾವ ಅಭಯಾರಣ್ಯವೂ ಅದಕ್ಕಾಗಿ ಬೇಲಿ ಹಾಕಿರಲಿಲ್ಲ. ಅದು ಬದುಕಿದ್ದದ್ದು ಒಂದು ಹಣ್ಣಿನ ತೋಟದಲ್ಲಿ.

ಅಲ್ಲಿ ತೋಟವೆನಿಸಿಕೊಳ್ಳಲು ಎಷ್ಟು ಮರ ಬೇಕು ಗೊತ್ತೇ? ಒಂದರ ಚಪ್ಪರದಿಂದ ಇನ್ನೊಂದರದ್ದು 20 ಮೀಟರಿನೊಳಗಿರುವ ಐದು ಹಣ್ಣಿನ ಮರಗಳು. ಐದು! ಆ ಲೆಕ್ಕದಲ್ಲಿ ಮಲೆನಾಡಿನ ಯಾವ ಹಿತ್ತಲು ರಕ್ಷಿತ ನೆಲೆಯಲ್ಲ? ಹಲಸು, ಮಾವು, ಚಕ್ಕೋತ, ನೇರಳೆ, ಮುರುಗಲು ಎಂದು ಬೆರಳು ಮಡಿಸುವಷ್ಟರಲ್ಲಿ ಐದಾಯಿತು.

ಪರದೇಶದ ಮಾತು ಬೇಡವೆನ್ನುವವರಿಗೆ ನಮ್ಮದೇ ಉದಾಹರಣೆಯಿದೆ. ಅದೇ 2007ರಲ್ಲಿ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆತೋಪನ್ನು ಕರ್ನಾಟಕ ಸರ್ಕಾರವು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ದೇಶದಲ್ಲಿ ಅಂಥ ಮೊದಲ ಘೋಷಣೆ ಅದು. ಕೊಟ್ಟದ್ದು ಯಾವುದಕ್ಕೆ? ಮುದಿ ಹಣ್ಣಿನ ಮರಗಳ ಒಂದು ತೋಪಿಗೆ. ಬಯಲುಸೀಮೆಯ ಹುಣಸೆಗೆ ದೊರೆತ ಆ ಮರ್ಯಾದೆ ಘಟ್ಟದ ಮೇಲಿನ ಹಲಸಿಗೂ ಅಪ್ಪೆಮಿಡಿಗೂ ಯಾಕೆ ಸಲ್ಲಬಾರದು?

ಕಲ್ಲುಹೂವನ್ನು ಕಿತ್ತು ಮಾರುವವರ ಮಾತನ್ನೂ ಬಿಡುವಂತಿಲ್ಲ. ಸುಲಭವಾಗಿ ಬೆರಳು ತೋರಿಸುವುದು ಅವರತ್ತಲೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಯ ಜೊತೆ ಕಲ್ಲುಹೂವನ್ನೂ ಸಂಗ್ರಹಿಸಿ ಬದುಕಿದವರು. ವನ್ಯಜೀವಿ ಕಾಯ್ದೆಯ ಹೆಸರಿನಲ್ಲಿ ಆ ಸಂಗ್ರಹವನ್ನು ನಿಲ್ಲಿಸಲಾಯಿತು. 2011ರಲ್ಲಿ ಅವರ ಸಾಮುದಾಯಿಕ ಅರಣ್ಯಹಕ್ಕಿಗೆ ಮಾನ್ಯತೆ ದೊರೆಯಿತು. ಕಿಲೋಗೆ ಇಷ್ಟೆಂದು ಕೊಳ್ಳುವ ಮಸಾಲೆ ಮಂಡಿಗೆ ಯಾವ ನಿರ್ಬಂಧವೂ ಇಲ್ಲದಿರುವಾಗ ಮರ ಹತ್ತುವವನ ಕೈಯನ್ನಷ್ಟೇ ಕಟ್ಟುವುದು ಯಾವ ನೀತಿ? ಎಲ್ಲಿ ಎಷ್ಟು ಬಿಡಬೇಕು, ಯಾವ ಮರವನ್ನು ಎಷ್ಟು ವರ್ಷ ಮುಟ್ಟಬಾರದು ಎಂಬುದನ್ನು ಅವರ ಜೊತೆ ಕುಳಿತು ತೀರ್ಮಾನಿಸಬೇಕು. ಅವರು ಕೀಳುವುದು ಮಾರಲು, ನಾವು ಕೆರೆಯುವುದು ಸುಡಲು. ಯಾರ ತಪ್ಪು ದೊಡ್ಡದು?

ನಮ್ಮ ಚಳವಳಿಯೂ ಕನ್ನಡಿ ನೋಡಿಕೊಳ್ಳಬೇಕು. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಅವರ ಅಂಗಿಗೆ ಅಂಟಿದ್ದು ಕಲ್ಲುಹೂವಿನ ಬೂದಿಯೂ ಇರಬೇಕು. ಆದರೂ ನಮ್ಮ ಭಿತ್ತಿಪತ್ರಗಳಲ್ಲಿ ಸಿಂಗಳೀಕವಿದೆ, ಮಂಗಟ್ಟೆ ಹಕ್ಕಿಯಿದೆ, ಕಲ್ಲುಹೂವು ಮಾತ್ರ ಇಲ್ಲ. ಇದು ನಮ್ಮೊಬ್ಬರ ಕುರುಡಲ್ಲ. ಐಯುಸಿಎನ್‌ನ ಕೆಂಪು ಪಟ್ಟಿಗೆ ಮೊದಲ ಕಲ್ಲುಹೂವುಗಳು ಸೇರಿದ್ದೇ 2003ರಲ್ಲಿ, ಅದೂ ಎರಡೇ ಎರಡು. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ ಜನತಾ ದಾಖಲಾತಿ ಬರೆಯಬೇಕು. ಹಸಿರು ನ್ಯಾಯಮಂಡಳಿ ವಿಧಿಸಿದ 2020ರ ಜನವರಿಯ ಗಡುವು ಸಮೀಪಿಸಿದಾಗ ಎಷ್ಟೋ ಕಡೆ ದಾಖಲಾತಿಗಳನ್ನು ತರಾತುರಿಯಲ್ಲಿ ತುಂಬಿಸಲಾಯಿತು. ನಾನು ಮಗುಚಿ ನೋಡಿದ ಒಂದರಲ್ಲಿ ಮಾವಿನ ತಳಿಗಳಿಗೆ ಒಂದು ಪುಟವಿತ್ತು. ಆ ಮಾವಿನ ಮೈಮೇಲಿದ್ದುದಕ್ಕೆ ಒಂದು ಸಾಲೂ ಇರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಸಾಲನ್ನು ಬರೆಯಬೇಕಾದವರು ನೀವು. ಹತ್ತು ಪಟ್ಟು ಹಿಗ್ಗಿಸುವ ಒಂದು ಮಸೂರ ಸಾಕು. ಅಡಿಕೆಮರದ ನುಣುಪು ಕಾಂಡದ ಬಿಳಿ ಮಚ್ಚೆಯನ್ನು ನೋಡಿ: ಯಾರೋ ಗೀಚಿದ ಅಕ್ಷರಗಳಂತೆ ಕಪ್ಪು ಗೆರೆಗಳು ಕಂಡರೆ ಅದು ಗ್ರಾಫಿಸ್ ಬಳಗದ್ದು. ಒಣಗಿ ಬೂದಿಬಣ್ಣಕ್ಕೆ ತಿರುಗಿದ ಎಸಳಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಹೊರಪದರ ನೀರು ಕುಡಿದು ಪಾರದರ್ಶಕವಾಗಿ, ಒಳಗಿನ ಪಾಚಿ ಕಂಡು, ಕ್ಷಣದಲ್ಲಿ ಹಸಿರಾಗುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಚಿತ್ರಪಕ್ಷಿಯನ್ನು ಹಿಂಬಾಲಿಸಿ. ಜೇಡರಬಲೆಯಿಂದ ಹೆಣೆದ ಬಟ್ಟಲಿನ ಹೊರಮೈಗೆ ಅದು ಅಂಟಿಸುವುದು ಕಲ್ಲುಹೂವಿನ ಚೂರುಗಳನ್ನೇ. ಅಡಿಕೆತೋಟದ ಹಾರುವ ಓತಿ ಕಾಂಡಕ್ಕೆ ಒರಗಿದಾಗ ಎದುರಿಗಿದ್ದರೂ ಕಾಣುವುದಿಲ್ಲ, ಏಕೆಂದರೆ ಅದರ ಮೈಬಣ್ಣವೂ ತೊಗಟೆಯ ಮೇಲಿನ ಈ ಚಿತ್ತಾರವೂ ಒಂದೇ. ಫೋಟೋ ತೆಗೆಯಿರಿ, ಮರದ ಸುತ್ತಳತೆ ಬರೆಯಿರಿ, ಯಾವ ದಿಕ್ಕಿನ ಮೈ ಎಂದು ಗುರುತು ಹಾಕಿ. ಕಿತ್ತು ಪುಸ್ತಕದಲ್ಲಿ ಅಂಟಿಸುವ ಚಪಲ ಬೇಡ.

ಹಿರಿಯರಲ್ಲಿ ಕೇಳುವುದು ಇಷ್ಟೇ. ಬ್ರಷ್ಷು ಕೆಳಗಿಡಿ. ಕೆರೆದ ಕೂಲಿಯ ಹಣವನ್ನು ಬುಡದ ಬಸಿಗಾಲುವೆಗೆ ಹಾಕಿ. ಹಿತ್ತಲಿನ ಮರಗಳಿರುವ ಕಡೆಗೆ ಗಾಳಿ ಬೀಸುವಾಗ ಪಂಪು ನಿಲ್ಲಿಸಿ. ಉಳಿದ ದ್ರಾವಣ ಅಡಿಕೆತೋಟದ ಗಡಿ ದಾಟದಿರಲಿ. ಹಳೆಯ ಹಲಸನ್ನು ಮಾರಲೇಬೇಕಾದ ಕಷ್ಟ ಬಂದರೆ ಪಕ್ಕದ ಎಳೆಯ ಮರವನ್ನಾದರೂ ಮುದಿಯಾಗಲು ಬಿಡಿ. ಹತ್ತಿರದಲ್ಲೇ ಇದ್ದರೆ ಕಲ್ಲುಹೂವು ಅಲ್ಲಿಗೆ ದಾಟಿಕೊಂಡೀತು. ಸಲಹೆ ಕೊಡುವ ಇಲಾಖೆಗಳಲ್ಲಿ ಕೇಳುವುದು: ‘ಪಾಚಿ ಕೆರೆಯಿರಿ’ ಎಂಬ ಸಾಲನ್ನು ಕರಪತ್ರಗಳಿಂದ ಕೆರೆದು ತೆಗೆಯಿರಿ; ಮುದಿ ಮರ ತೆಗೆಯಲು ಸಹಾಯಧನ ಮಂಜೂರು ಮಾಡುವ ಮುನ್ನ ಅದರ ಮೇಲೇನಿದೆಯೆಂದು ಒಬ್ಬರಾದರೂ ಹೋಗಿ ನೋಡಲಿ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರು, ಪಡಿತರಗಳ ಚರ್ಚೆ ಮುಗಿದ ಮೇಲೆ ಎದ್ದು ನಿಂತು, ನಮ್ಮ ಜೀವವೈವಿಧ್ಯ ದಾಖಲಾತಿ ಎಲ್ಲಿದೆ, ಅದರಲ್ಲಿ ಕಲ್ಲುಹೂವಿನ ಪುಟ ಯಾವುದು ಎಂದು ಕೇಳಿ. ನಗುವವರು ನಗಲಿ. ಪುಟ ಇಲ್ಲವೆಂದಾದರೆ ಊರಿನ ಐದು ಹಳೆಯ ಮರಗಳ ಹೆಸರು, ಸುತ್ತಳತೆ, ಫೋಟೋಗಳಿರುವ ಹಾಳೆಯನ್ನು ಸಮಿತಿಯ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿಯ ಸಹಿ ಪಡೆಯಿರಿ. ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಿ. ಬಂದವುಗಳನ್ನು ಮಳೆಗಾಲದ ಸಂಚಿಕೆಯಲ್ಲಿ ಊರುವಾರು ಅಚ್ಚು ಹಾಕುತ್ತೇವೆ.